ಹನ್ನೆರಡು ತುಂಬಿದವರಿಗೆ ಇಲ್ಲ

ಬಸಲಿಂಗಯ್ಯ ಹಿರೇಮಠರ ಆ ದಿನದ ಗ್ರಹಚಾರಕ್ಕೆಲ್ಲ ಕಾರಣ ಒಂದು ಕಾಗದ. ಹ್ಯಾಂಬರ್ಗಿನಲ್ಲಿ ಅವರು ಬಾಡಿಗೆಗಿದ್ದ ನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲ ಪಕ್ಕದ ಗೋಡೆಗೆ, ಕಸ ಒಯ್ಯುವ ಗಾಡಿಯ ವೇಳಾಪಟ್ಟಿಗೂ ಇಲ್ಲಿ ಸೈಕಲ್ ನಿಲ್ಲಿಸಬಾರದೆಂಬ ಎಚ್ಚರಿಕೆಗೂ ನಡುವೆ, ಅಕ್ಟೋಬರ್ ಮೂವತ್ತೊಂದರ ಬೆಳಿಗ್ಗೆ ಅದು ಪ್ರತ್ಯಕ್ಷವಾಗಿತ್ತು. ನಾಲ್ಕು ಮೂಲೆಗೂ ಅಳತೆ ಹಿಡಿದು ಕತ್ತರಿಸಿದಂಥ ಟೇಪು. ಬರೆದವರು ನೆಲಮಹಡಿಯ ಫ್ರಾವ್ ಬ್ರಾಂಡ್ಟ್, ಅಂದರೆ ಶ್ರೀಮತಿ ಬ್ರಾಂಡ್ಟ್, ಎಂದು ತಿಳಿಯಲು ಸಹಿಯವರೆಗೆ ಹೋಗಬೇಕಾಗಿರಲಿಲ್ಲ, ಟೇಪು ನೋಡಿದರೆ ಸಾಕಿತ್ತು.

ಕಾಗದದಲ್ಲಿ ನಾಲ್ಕೇ ಸಾಲು. ಇಂದು ಸಂಜೆ ಐದರಿಂದ ಏಳರವರೆಗೆ ಹ್ಯಾಲೋವೀನ್. ಕುಂಬಳಕಾಯಿಯ ಚಿತ್ರ ಅಂಟಿಸಿರುವ ಬಾಗಿಲುಗಳ ಗಂಟೆಯನ್ನು ಮಾತ್ರ ಒತ್ತತಕ್ಕದ್ದು. ಸಿಹಿ ಕೇಳಲು ಬರುವ ಮಕ್ಕಳಿಗೆ ಹನ್ನೆರಡು ವರ್ಷ ತುಂಬಿರಬಾರದು. ಚಿಕ್ಕ ಮಕ್ಕಳ ಜೊತೆಗೆ ದೊಡ್ಡವರೊಬ್ಬರು ಇರತಕ್ಕದ್ದು.

ಬಸಲಿಂಗಯ್ಯನವರು ಮೂರನೆಯ ಸಾಲನ್ನು ಮೂರು ಸಲ ಓದಿದರು. ಅವರ ಮಗಳು ಸಂಹಿತಾಳಿಗೆ ಹನ್ನೆರಡು ತುಂಬಿ ಅಂದಿಗೆ ಸರಿಯಾಗಿ ನಲವತ್ತೊಂದು ದಿನವಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡು ಎಂದು ಚಹಾ ಕುಡಿದು ಮಲಗುತ್ತಿದ್ದರು. ಹೇಗೂ ಅಂದು ಹ್ಯಾಂಬರ್ಗಿಗೆ ಸರಕಾರಿ ರಜೆ, ಅಂಗಡಿಗಳೆಲ್ಲ ಬಂದ್, ಹೊರಗೆ ಎಂದಿನ ಜಿಟಿಜಿಟಿ ಮಳೆ. ಆದರೆ ಬಸಲಿಂಗಯ್ಯನವರ ಕಷ್ಟ ಬೇರೆ. ಒಂದು ಕಾಲಕ್ಕೆ ಅಪ್ಪನ ಬೆನ್ನಿನಿಂದ ಇಳಿಯದಿದ್ದ ಹುಡುಗಿ ಈಗ ಕಿವಿಗೆ ಹೆಡ್‌ಫೋನು, ಕೋಣೆಗೆ ಬಾಗಿಲು ಹಾಕಿಕೊಂಡು ಕುಳಿತಿರುತ್ತಿದ್ದಳು. ಹೊರಗೆ ಹೋದರೆ ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆ. ವರ್ಷದಲ್ಲಿ ಈ ಒಂದು ಸಂಜೆ ಮಾತ್ರ, ಏಳನೆಯ ವಯಸ್ಸಿನಿಂದಲೂ, ಅವಳು ಮಾಟಗಾತಿಯ ಟೊಪ್ಪಿಗೆ ಹಾಕಿಕೊಂಡು ಮನೆಮನೆಯ ಗಂಟೆ ಒತ್ತುವಾಗ ಇವರು ಚೀಲ ಹಿಡಿದು ಹಿಂದೆ ನಿಲ್ಲುತ್ತಿದ್ದರು, ಮತ್ತು ಕತ್ತಲ ಮೆಟ್ಟಿಲಲ್ಲಿ ಅವಳು ಇವರ ಕೈ ಹಿಡಿದುಕೊಳ್ಳುತ್ತಿದ್ದಳು. ಇದೆಲ್ಲ ಮಗಳ ಸಂತೋಷಕ್ಕೆ ಎಂದು ಅವರು ಆಫೀಸಿನಲ್ಲಿ ಹೇಳಿಕೊಳ್ಳುತ್ತಿದ್ದರು. ಯಾರ ಸಂತೋಷಕ್ಕೆ ಎಂಬುದು ಅವರಿಗೂ ಒಳಗೊಳಗೇ ಗೊತ್ತಿತ್ತು.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಬಸಲಿಂಗಯ್ಯನವರ ಎತ್ತರ, ಬೂಟು ಸೇರಿಸಿ, ಐದಡಿ ಒಂದು ಇಂಚು. ಸಂಹಿತಾ ತಾಯಿಯ ಕಡೆಯ ಮೈಕಟ್ಟು. ಹನ್ನೆರಡಕ್ಕೇ ಐದಡಿ ಎಂಟು ಇಂಚು ಬೆಳೆದು, ಮನೆಯ ಮೇಲಿನ ಕಪಾಟಿನಿಂದ ಡಬ್ಬಿ ಇಳಿಸುವ ಕೆಲಸವನ್ನು ಅಪ್ಪನ ಸ್ಟೂಲಿನಿಂದ ಕಸಿದುಕೊಂಡಿದ್ದಳು.

ಹೆಂಡತಿ ಅನಸೂಯ ಆಸ್ಪತ್ರೆಯಲ್ಲಿ ಡಾಕ್ಟರು. ರಜೆಯ ದಿನವೇ ಅವರಿಗೆ ಡ್ಯೂಟಿ ಬಿದ್ದಿದ್ದರಿಂದ ಬುದ್ಧಿ ಹೇಳುವವರು ಮನೆಯಲ್ಲಿರಲಿಲ್ಲ. ಬಸಲಿಂಗಯ್ಯನವರು ಸ್ವೆಟರು ಏರಿಸಿಕೊಂಡು ನೇರ ಫ್ರಾವ್ ಬ್ರಾಂಡ್ಟರ ಬಾಗಿಲು ತಟ್ಟಿದರು.

ಅವರಿಗೆ ಅಂಥ ದೊಡ್ಡ ಅಡ್ಡಿಯೇನೂ ಕಂಡಿರಲಿಲ್ಲ. ಧಾರವಾಡದ ಕಡೆಯ ಅವರ ಊರಿನಲ್ಲಿ ವಯಸ್ಸೆಂಬುದು ತಾಯಿ ಹೆರುವ ವಿಷಯವಾಗಿರದೆ ಹೆಡ್‌ಮಾಸ್ತರರು ಬರೆಯುವ ವಿಷಯವಾಗಿತ್ತು. ಅವರ ತರಗತಿಯ ಮೂವತ್ತೆಂಟು ಹುಡುಗರಲ್ಲಿ ಮೂವತ್ತೊಂದು ಮಂದಿ ಜೂನ್ ಒಂದನೇ ತಾರೀಖೇ ಹುಟ್ಟಿದ್ದರು. ಬಸಲಿಂಗಯ್ಯನವರ ಪಾಸ್‌ಪೋರ್ಟಿನಲ್ಲಿ ಇಂದಿಗೂ ಅದೇ ತಾರೀಖು. ಅಂಥವರಿಗೆ ನಲವತ್ತೊಂದು ದಿನ ಯಾವ ಲೆಕ್ಕ?

"ಫ್ರಾವ್ ಬ್ರಾಂಡ್ಟ್, ಬರೀ ನಲವತ್ತೊಂದು ದಿನ ಹೆಚ್ಚಾಗಿದೆ. ಸ್ವಲ್ಪ ಹೊಂದಿಸಿಕೊಳ್ಳಬಹುದಲ್ಲ?" ಎಂದು ತಮ್ಮ ಅತಿ ವಿನಯದ ಜರ್ಮನ್‌ನಲ್ಲಿ ಕೇಳಿದರು.

ಎಪ್ಪತ್ತರ ಹತ್ತಿರದ ಫ್ರಾವ್ ಬ್ರಾಂಡ್ಟ್ ಕನ್ನಡಕದ ಮೇಲಿನಿಂದ ನೋಡಿದರು. "ನಲವತ್ತೊಂದು ದಿನ ಹೆಚ್ಚಾಗಿದ್ದರೆ ತುಂಬಿದೆ ಎಂದೇ ಅರ್ಥ, ಹೆರ್ ಹಿರೇಮಠ್."

"ಒಂದು ಅರ್ಜಿ ಬರೆದುಕೊಟ್ಟರೆ?"

ಅರ್ಜಿ ಎಂದ ಕೂಡಲೆ ಆಕೆಯ ಮುಖದಲ್ಲಿ ಗೌರವ ಮೂಡಿತು. "ಖಂಡಿತ ಕೊಡಬಹುದು. ನಿವಾಸಿಗಳ ಮುಂದಿನ ಸಭೆಯಲ್ಲಿ ಇಡುತ್ತೇನೆ. ಮಾರ್ಚ್ ಹದಿನಾಲ್ಕಕ್ಕೆ."

ಬಸಲಿಂಗಯ್ಯನವರ ಮುಖ ಬಾಡಿದ್ದನ್ನು ನೋಡಿ ಏನನ್ನಿಸಿತೋ, ಬಾಗಿಲು ಹಾಕುವ ಮೊದಲು ಆಕೆ ದನಿ ತಗ್ಗಿಸಿ, "ಈ ನಿಯಮವನ್ನು ತುಂಬ ಯೋಚಿಸಿ ಮಾಡಿದ್ದೇನೆ. ನಿಮಗೂ ಇದರಿಂದ ಒಳ್ಳೆಯದೇ ಆಗುತ್ತದೆ" ಎಂದರು. ನಿಯಮ ಮಾಡುವವರೆಲ್ಲ ಹೇಳುವುದೇ ಹಾಗೆ ಎಂದುಕೊಂಡು ಬಸಲಿಂಗಯ್ಯನವರು ಮೆಟ್ಟಿಲು ಹತ್ತಿದರು.

ಮೇಲೆ ಸಂಹಿತಾ ಬ್ರೆಡ್ಡಿಗೆ ಶೇಂಗಾ ಚಟ್ನಿ ಸವರಿಕೊಂಡು ಕೂತಿದ್ದಳು. ಸುದ್ದಿ ಕೇಳಿ ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ.

"ಇಟ್ಸ್ ಓಕೆ ಪಪ್ಪಾ. ರೂಲ್ ಅಂದ್ರ ರೂಲ್. ಬಿಟ್ಟುಬಿಡು. ಮನ್ಯಾಗ ಇರೋಣಂತ."

ಹೇಳಿ ನಕ್ಕಳು. ಆ ನಗುವನ್ನು ನೋಡಿ ಬಸಲಿಂಗಯ್ಯನವರ ಕರುಳು ಚುರ್ ಎಂದಿತು. ಪಾಪ, ದುಃಖ ನುಂಗಿಕೊಂಡು ಅಪ್ಪನನ್ನು ಸಮಾಧಾನ ಮಾಡುತ್ತಿದೆ ಕೂಸು. ಇಷ್ಟು ಚೆನ್ನಾಗಿ ನಗಬೇಕಾದರೆ ಒಳಗೆ ಎಷ್ಟು ನೋವಿರಬೇಕು!

ಮಧ್ಯಾಹ್ನ ಊರಿನಿಂದ ತಾಯಿ ಸಾವಿತ್ರವ್ವನವರ ವಿಡಿಯೋ ಕರೆ ಬಂತು. ಪರದೆಯಲ್ಲಿ ಅವರ ಹಣೆ ಮತ್ತು ವಿಭೂತಿ ಮಾತ್ರ ಕಾಣುತ್ತಿತ್ತು. ಮಗ ಎಲ್ಲವನ್ನೂ ಹೇಳಿದ.

"ಬೇಡಾಕ ಬಂದ ಹುಡುಗರ ವಯಸ್ಸು ಕೇಳ್ತಾರ? ಅದ್ಯಾವ ಊರೋ ಬಸೂ! ನಿಮ್ಮಜ್ಜ ಎಂಬತ್ತ ವರ್ಷ ಆಗೂತನಕ ಕಂತಿಭಿಕ್ಷಾಕ್ಕ ಹೋದ. ಯಾವಾಕಿನೂ ಬಾಗಲಾಗ ನಿಂತು, ಅಯ್ಯನವರ, ನಿಮಗೆಷ್ಟ ವಯಸ್ಸು ಅಂತ ಕೇಳಲಿಲ್ಲ. ಬಂದವರಿಗೆ ನೀಡೂದಷ್ಟ. ಜೋಳಿಗಿಗೆ ವಯಸ್ಸಿಲ್ಲೋ ತಮ್ಮಾ."

ಅದು ನಿಜವೇ. ಹಿರೇಮಠರದು ಜಂಗಮರ ಮನೆತನ. ಬೆಳಿಗ್ಗೆ ಎದ್ದು ಜೋಳಿಗೆ ಹಾಕಿಕೊಂಡು ಐದು ಮನೆಯ ಬಾಗಿಲಿಗೆ ಹೋಗಿ ಜೋಳ, ಹಿಟ್ಟು ನೀಡಿಸಿಕೊಂಡು ಬರುವುದು ಅಲ್ಲಿ ಅವಮಾನವಲ್ಲ, ವ್ರತ. ಬಸಲಿಂಗಯ್ಯನವರೂ ಅಯ್ಯಾಚಾರದ ದೀಕ್ಷೆಯಾದ ವರ್ಷ ಅಜ್ಜನ ಹಿಂದೆ ಹೋಗಿದ್ದರು. ಆ ಮಾತು ಕೇಳಿದ್ದೇ ತಡ, ಫ್ರಾವ್ ಬ್ರಾಂಡ್ಟರ ಕಾಗದ ತಮ್ಮ ಇಡೀ ವಂಶಕ್ಕೇ ಹಾಕಿದ ಸವಾಲಿನಂತೆ ಅವರಿಗೆ ಕಾಣತೊಡಗಿತು.

ಹೀಗೆ ಕುದಿಯುತ್ತ ಕಸ ಚೆಲ್ಲಲು ಹೊರಟವರಿಗೆ ಎದುರುಮನೆಯ ವಿನ್ಸೆಂಟ್ ಸಿಕ್ಕರು. ಉಡುಪಿಯ ಕಡೆಯವರು, ಬಂದರಿನಲ್ಲಿ ಎಂಜಿನಿಯರು. ಯಾರಿಗೆ ಏನು ಕಷ್ಟ ಬಂದರೂ ಅದಕ್ಕೊಂದು ಐಡಿಯಾ ಕೊಡದೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಎಂತ ಬಸಲಿಂಗಯ್ಯನವರೇ, ಮುಖ ಎಂತ ಹೀಗೆ?"

ಕತೆ ಕೇಳಿ ವಿನ್ಸೆಂಟ್ ಗೋಡೆಯ ಕಾಗದದ ಕಡೆ ಬೆರಳು ಮಾಡಿದರು.

"ನೀವು ಮೂರನೇ ಲೈನ್ ಓದಿ ಮಂಡೆಬಿಸಿ ಮಾಡಿದ್ದೀರಿ. ನಾಲ್ಕನೇ ಲೈನ್ ಓದಿ ಮಾರಾಯ್ರೆ! ಸಣ್ಣ ಮಕ್ಕಳ ಒಟ್ಟಿಗೆ ದೊಡ್ಡವರು ಒಬ್ರು ಬೇಕು ಅಂತ ಉಂಟಲ್ಲ? ನಿಮ್ಮ ಸಂಹಿತಾ ಆ ದೊಡ್ಡವಳು. ಅವಳೊಟ್ಟಿಗೆ ಒಂದು ಸಣ್ಣ ಮಗು ಇದ್ರೆ ಆಯ್ತು. ಒಟ್ಟಿಗೆ ಬಂದವರಿಗೂ ಒಂದು ಚಾಕಲೇಟು ಕೊಡದೆ ಯಾರೂ ಕಳಿಸುದಿಲ್ಲ."

"ಭಾಳ ಛಲೋ ಹೇಳಿದ್ರಿ! ಹಂಗಾದ್ರ ನಿಮ್ಮ ಹುಡುಗ ಜೇಸನ್‌ನ ಕಳಸ್ರೆಲಾ."

"ಅವನಿಗೆ ನಿನ್ನೆಯಿಂದ ಜ್ವರ. ಇವತ್ತು ಮಕ್ಕಳೊಟ್ಟಿಗೆ ಹೋಗುವ ಡ್ಯೂಟಿ ನಂದೇ ಇದ್ದದ್ದು, ಈಗ ನಾನು ಸಹ ಮನೆಯಲ್ಲಿ."

"ಮತ್ತ ಸಣ್ಣ ಕೂಸು ಎಲ್ಲಿಂದ ತರೂದ್ರಿ?"

ವಿನ್ಸೆಂಟ್ ಬಸಲಿಂಗಯ್ಯನವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನೋಡಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

"ನೀವು ಎಷ್ಟು ಅಡಿ ಇದ್ದೀರಿ?"

"ಐದಡಿ ಒಂದ ಇಂಚು. ಯಾಕ್ರಿ?"

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ನಮ್ಮವರು. ಅರ್ಧ ಗಂಟೆಯಲ್ಲಿ ವಿನ್ಸೆಂಟರ ಹೆಂಡತಿ ಲೂಸಿ ಹಳೆಯ ಬಿಳಿ ಬೆಡ್‌ಶೀಟು ಹುಡುಕಿ, ಕಣ್ಣಿಗೆ ಎರಡು ತೂತು ಕತ್ತರಿಸಿ, ಬಸಲಿಂಗಯ್ಯನವರ ತಲೆಯ ಮೇಲಿನಿಂದ ಇಳಿಬಿಟ್ಟರು.

"ಮೊಣಕಾಲು ಸ್ವಲ್ಪ ಬಗ್ಗಿಸಿ ನಡೆಯಿರಿ ಅಣ್ಣಾ. ಮತ್ತೆ ಮಾತಾಡ್ಬೇಡಿ. ಮಾತಾಡಿದ್ರೆ ಮೀಸೆ ಉಂಟು ಅಂತ ಗೊತ್ತಾಗ್ತದೆ" ಎಂದು ಎಚ್ಚರಿಸಿದರು.

ಐದು ಗಂಟೆಗೆ ತಮ್ಮ ಮನೆಯ ನಡುಮನೆಯಲ್ಲಿ ಈ ಅವತಾರದಲ್ಲಿ ನಿಂತ ಅಪ್ಪನನ್ನು ನೋಡಿ ಸಂಹಿತಾಳ ಹೆಡ್‌ಫೋನು ಕುತ್ತಿಗೆಗೆ ಜಾರಿತು.

"ಪಪ್ಪಾ, ನೋ! ದಿಸ್ ಈಸ್ ಸೋ ಪೈನ್‌ಲಿಶ್!"

ಪೈನ್‌ಲಿಶ್ ಎಂದರೆ ಜರ್ಮನ್‌ನಲ್ಲಿ ನಾಚಿಕೆಗೇಡು. ಅಪ್ಪನನ್ನು ಕುರಿತು ಅವಳು ದಿನಕ್ಕೆ ಹತ್ತು ಸಲವಾದರೂ ಬಳಸುತ್ತಿದ್ದ ಶಬ್ದ. ಹಾಗಾಗಿ ಬಸಲಿಂಗಯ್ಯನವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ನೀ ಏನೂ ಹೆದರಬ್ಯಾಡವ್ವಾ. ರೂಲ್ ಪ್ರಕಾರನ ಹೊಂಟೇವಿ. ನಾ ಸಣ್ಣಾಂವ, ನೀ ದೊಡ್ಡಾಕಿ. ನಿನಗ ಈ ವರ್ಷ ತಪ್ಪಬಾರದು, ಅಷ್ಟ."

ಸಂಹಿತಾ ಏನೋ ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಬೆಡ್‌ಶೀಟಿನ ಎರಡು ತೂತುಗಳ ಒಳಗಿನಿಂದ ಅಪ್ಪನ ಕಣ್ಣು ಜಾತ್ರೆಗೆ ಹೊರಟ ಕೂಸಿನ ಕಣ್ಣಿನಂತೆ ಹೊಳೆಯುತ್ತಿದ್ದವು. ಅವಳು ಸುಮ್ಮನೆ ಚೀಲ ತೆಗೆದು ಅವರ ಕೈಗೆ ಕೊಟ್ಟಳು.

ಮೊದಲ ಬಾಗಿಲು ನಾಲ್ಕನೆಯ ಮಹಡಿಯ ಹೆರ್ ಕ್ಲಾವ್ಸನ್ನರದು. ನಿವೃತ್ತ ಹಡಗಿನ ಅಡುಗೆಯವರು, ಕಣ್ಣು ಮಂಜು, ಪ್ರೀತಿ ಜಾಸ್ತಿ. ಸಿಹಿ ಕೊಡದಿದ್ದರೆ ತಂಟೆ ಮಾಡುತ್ತೇವೆ ಎಂಬ ವಾಡಿಕೆಯ ಮಾತನ್ನು ಸಂಹಿತಾ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಅಯ್ಯೋ, ಎಂಥ ಮುದ್ದಾದ ಪುಟ್ಟ ಭೂತ!" ಎಂದು ಮುದುಕರು ಬಗ್ಗಿ ಬೆಡ್‌ಶೀಟಿನ ಮೇಲಿನಿಂದಲೇ ಬಸಲಿಂಗಯ್ಯನವರ ತಲೆ ಸವರಿದರು. "ಏನು ಹೆಸರು ಮರಿ?"

"ಉಳವಪ್ಪ" ಎಂದಳು ಸಂಹಿತಾ, ಗಾಬರಿಯಲ್ಲಿ. ಅದು ಅವರ ದೊಡ್ಡಜ್ಜನ ಹೆಸರು. "ಎಂಟು ವರ್ಷ. ನಾಚಿಕೆ ಜಾಸ್ತಿ."

ಪುಟ್ಟ ಭೂತಕ್ಕೆ ಮೂರು ಚಾಕಲೇಟು, ಜೊತೆಗೆ ಬಂದ ದೊಡ್ಡವಳಿಗೆ ಒಂದು. ಬಸಲಿಂಗಯ್ಯನವರಿಗೆ ಮೈ ಜುಮ್ಮೆಂದಿತು. ಹದಿನಾರು ವರ್ಷ ಈ ದೇಶದಲ್ಲಿ ದುಡಿದಿದ್ದರು, ಒಬ್ಬರೂ ತಲೆ ಸವರಿರಲಿಲ್ಲ.

ಎರಡನೆಯ ಬಾಗಿಲಲ್ಲಿ ತೊಡಕಾಯಿತು. ಅಲ್ಲಿದ್ದ ಹೆಂಗಸಿನ ಗಿಡ್ಡಕಾಲಿನ ನಾಯಿಗೆ ಬಸಲಿಂಗಯ್ಯನವರ ಪರಿಚಯ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಮೆಟ್ಟಿಲಲ್ಲಿ ಅದಕ್ಕೆ ಅರ್ಧ ಪಾರ್ಲೆ ಬಿಸ್ಕಿಟು ಹಾಕುತ್ತಿದ್ದವರು ಇವರೇ. ವಾಸನೆ ಹಿಡಿದ ನಾಯಿ ಸಂಭ್ರಮದಿಂದ ಬೆಡ್‌ಶೀಟಿನ ಅಂಚು ಕಚ್ಚಿ ಎಳೆಯಿತು. ಒಂದು ಗೇಣು ಕೂದಲು ತುಂಬಿದ ಕಾಲೂ ಆಫೀಸಿನ ಕಪ್ಪು ಬೂಟೂ ಲೋಕಕ್ಕೆ ಕಂಡವು.

"ಈಗಿನ ಮಕ್ಕಳು ಎಷ್ಟು ಬೇಗ ಬೆಳೆಯುತ್ತಾರೆ!" ಎಂದು ಆ ಹೆಂಗಸು ಆಶ್ಚರ್ಯಪಟ್ಟು ಎರಡು ಚಾಕಲೇಟು ಹೆಚ್ಚಿಗೆ ಹಾಕಿದರು.

ಬಾಗಿಲು ಮುಚ್ಚಿದ ಮೇಲೆ ಸಂಹಿತಾಳಿಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಭೂತವೂ ನಕ್ಕಿತು. ನಗುತ್ತ ಬೆಡ್‌ಶೀಟು ತುಳಿದು ಮುಗ್ಗರಿಸಿತು. ಆಗ ಅವಳು ಥಟ್ಟನೆ ಅಪ್ಪನ ಕೈ ಹಿಡಿದುಕೊಂಡಳು, ಮತ್ತೆ ಬಿಡಲೇ ಇಲ್ಲ.

ಬಸಲಿಂಗಯ್ಯನವರಿಗೆ ಬೇಕಾಗಿದ್ದದ್ದು ಇಷ್ಟೇ. ಚಾಕಲೇಟು ಯಾರಿಗೆ ಬೇಕಿತ್ತು? ಮಗಳ ಕೈ ಕೈಯಲ್ಲಿತ್ತು, ಮಗಳ ನಗು ಕಿವಿಯಲ್ಲಿತ್ತು. ಇದೇ ಹಿಗ್ಗಿನಲ್ಲಿ ಅವರು ಇನ್ನೂ ನಾಲ್ಕು ಬಾಗಿಲು ಮುಗಿಸಿದರು. ಹಿಗ್ಗಿದ ಮನುಷ್ಯನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ ನೋಡಿ.

"ಸಾಕು ಪಪ್ಪಾ. ಕೆಳಗ ಬ್ರಾಂಡ್ಟ್ ಆಂಟಿ ಮನಿಗೆ ಮಾತ್ರ ಬ್ಯಾಡ. ಪ್ಲೀಸ್" ಎಂದಳು ಸಂಹಿತಾ.

"ಯಾಕ ಬ್ಯಾಡ? ರೂಲ್ ಮಾಡಿದಾಕಿ ಕಡಿಂದನ ಇಸ್ಕೊಂಡು ಬರೋಣು!"

ಫ್ರಾವ್ ಬ್ರಾಂಡ್ಟರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ವೇಷ ತೊಟ್ಟ ಕಟ್ಟಡದ ಆರು ಪುಟ್ಟ ಮಕ್ಕಳು, ಅಸ್ಥಿಪಂಜರ, ಬಾವಲಿ, ಒಂದು ಅರ್ಧ ಹರಿದ ಹುಲಿ, ಬಿಸಿ ಹಣ್ಣಿನ ರಸ ಕುಡಿಯುತ್ತ ಯಾರಿಗಾಗಿಯೋ ಕಾಯುತ್ತಿದ್ದವು. ಫ್ರಾವ್ ಬ್ರಾಂಡ್ಟರ ಕೈಯಲ್ಲಿ ಒಂದು ಪಟ್ಟಿ. ಸಂಹಿತಾಳನ್ನು ಕಂಡು ಆಕೆಯ ಹುಬ್ಬು ಮೇಲೇರಿತು.

"ನೀನಾ? ನೀನು ಹೇಗೆ ಬಂದೆ?"

ಸಂಹಿತಾ ಭೂತದ ಹಿಂದಿನಿಂದ ಬೇಡ ಬೇಡ ಎಂಬಂತೆ ತಲೆಯಾಡಿಸಿದಳು. "ನಾನು ಜೊತೆಗೆ ಬಂದಿದ್ದೇನೆ, ಅಷ್ಟೇ. ಇವನ ಜೊತೆಗೆ."

"ಇವನು ಯಾರು? ಈ ಕಟ್ಟಡದಲ್ಲಿ ಚಿಕ್ಕ ಮಕ್ಕಳು ಏಳು. ಒಬ್ಬನಿಗೆ ಜ್ವರ, ಆರು ಇಲ್ಲಿವೆ. ಇದು ಎಂಟನೆಯದು."

"ಕಸಿನ್. ಉಳವಪ್ಪ. ಕಲೋನ್‌ನಿಂದ ಬಂದಿದ್ದಾನೆ. ರಜೆಗೆ."

ಇಲ್ಲಿ ಹುಡುಗಿ ಎಡವಿದಳು. ಜರ್ಮನಿಯಲ್ಲಿ ಒಂದು ರಾಜ್ಯದ ಹಬ್ಬ ಇನ್ನೊಂದು ರಾಜ್ಯಕ್ಕೆ ಹಬ್ಬವಲ್ಲ, ಮತ್ತು ಫ್ರಾವ್ ಬ್ರಾಂಡ್ಟರಿಗೆ ಹದಿನಾರು ರಾಜ್ಯಗಳ ರಜಾಪಟ್ಟಿಯೂ ಬಾಯಿಪಾಠವಾಗಿತ್ತು.

"ಕಲೋನ್‌ನಲ್ಲಿ ಇವತ್ತು ರಜೆ ಇಲ್ಲ. ಅಲ್ಲಿ ರಜೆ ನಾಳೆ" ಎಂದು ಆಕೆ ನಿಧಾನವಾಗಿ ಹೇಳಿದರು. "ಎಂಟು ವರ್ಷದ ಮಗು ಶಾಲೆಯ ದಿನ ಹ್ಯಾಂಬರ್ಗಿನಲ್ಲಿ ಏನು ಮಾಡುತ್ತಿದೆ? ಯಾರ ಜೊತೆ ಬಂತು?"

"ಟ್ರೈನಿನಲ್ಲಿ..."

"ಒಬ್ಬನೇ?"

ಈ ದೇಶದಲ್ಲಿ ಮಗುವಿಗೆ ಕಾರಣವಿಲ್ಲದೆ ಶಾಲೆ ತಪ್ಪಿಸುವುದು ಕಾನೂನಿನ ಮಾತಾಗುತ್ತದೆ. ಬೆಡ್‌ಶೀಟಿನೊಳಗೆ ಬಸಲಿಂಗಯ್ಯನವರು ಬೆವತು ತೊಪ್ಪೆಯಾದರು. ಮಾತಾಡಿದರೆ ಮೀಸೆ, ಸುಮ್ಮನಿದ್ದರೆ ಪೊಲೀಸು.

"ಹೆದರಬೇಡ ಮಗು, ತಪ್ಪು ನಿನ್ನದಲ್ಲ" ಎಂದು ಫ್ರಾವ್ ಬ್ರಾಂಡ್ಟ್ ಭೂತದ ಭುಜ ತಟ್ಟಿದರು. "ಸಂಹಿತಾ, ನಿನ್ನ ತಂದೆಗೇ ಫೋನ್ ಮಾಡಿ ಕೇಳುತ್ತೇನೆ."

ಬೇಡ ಎನ್ನುವಷ್ಟರಲ್ಲಿ ನಂಬರು ಒತ್ತಿಯಾಗಿತ್ತು. ಆಮೇಲೆ ಭೂತದ ಹೊಟ್ಟೆಯೊಳಗಿನಿಂದ, ಪೂರ್ತಿ ದನಿಯಲ್ಲಿ, ತಾಳ ತಂಬೂರಿ ಸಮೇತ, "ಓಂ ನಮಃ ಶಿವಾಯ, ಓಂ ನಮಃ ಶಿವಾಯ" ಎಂದು ಶುರುವಾಯಿತು.

ಮಕ್ಕಳು ಚಪ್ಪಾಳೆ ತಟ್ಟಿದವು. ಇಷ್ಟು ಒಳ್ಳೆಯ ಭೂತವನ್ನು ಅವು ಎಂದೂ ನೋಡಿರಲಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗಳ ಕೈ ಹಿಡಿದಿದ್ದ ಬಸಲಿಂಗಯ್ಯನವರು ಯಾವುದನ್ನು ಬಿಡಲಿ ಎಂದು ಯೋಚಿಸುತ್ತಿರುವಾಗಲೇ, ಬಾವಲಿಯಾಗಿದ್ದ ನಾಲ್ಕು ವರ್ಷದ ಹುಡುಗಿ ಹಾಡು ಎಲ್ಲಿಂದ ಬರುತ್ತಿದೆ ನೋಡೋಣವೆಂದು ಬೆಡ್‌ಶೀಟು ಎತ್ತಿದಳು. ಮಂಜು ಹಿಡಿದ ಕನ್ನಡಕ, ಒದ್ದೆಯಾದ ಮೀಸೆ, ಹಣೆಯ ಮೇಲೆ ಬೆಳಗಿನ ವಿಭೂತಿ ಎಲ್ಲ ಒಂದೊಂದಾಗಿ ಹೊರಬಿದ್ದವು.

"ಹೆರ್ ಹಿರೇಮಠ್" ಎಂದರು ಫ್ರಾವ್ ಬ್ರಾಂಡ್ಟ್. ಅಷ್ಟೇ ಎಂದರು.

"ಕ್ಷಮಿಸಿ. ತಪ್ಪಾಯಿತು. ಎಲ್ಲ ಮಗಳ ಸಲುವಾಗಿ. ನಿಮ್ಮ ನಿಯಮದಿಂದ ಅವಳಿಗೆ ಎಷ್ಟು ದುಃಖವಾಗಿದೆ ಅಂತ ನಿಮಗೆ ಗೊತ್ತಿಲ್ಲ..."

"ದುಃಖ? ಅವಳಿಗೆ?" ಫ್ರಾವ್ ಬ್ರಾಂಡ್ಟ್ ಸಂಹಿತಾಳ ಕಡೆ ತಿರುಗಿದರು. "ನೀನು ಇನ್ನೂ ಹೇಳಿಲ್ಲವೇ?"

ಸಂಹಿತಾ ನೆಲ ನೋಡಿದಳು.

"ಹಾಗಾದರೆ ನಾನು ಹೇಳಬೇಕು. ಹೆರ್ ಹಿರೇಮಠ್, ಈ ನಿಯಮ ನನ್ನದಲ್ಲ. ನಿಮ್ಮ ಮಗಳದು. ಬೇಸಿಗೆಯಲ್ಲಿ ನನ್ನ ಗಿಡಗಳಿಗೆ ನೀರು ಹಾಕಲು ಬರುತ್ತಿದ್ದಾಗ ಕೇಳಿದಳು, ಹ್ಯಾಲೋವೀನ್ ನಿಲ್ಲಿಸಲು ಸರಿಯಾದ ವಯಸ್ಸು ಎಷ್ಟು ಅಂತ. ನಿನಗೆ ಸಾಕು ಅನ್ನಿಸಿದ ವಯಸ್ಸು ಅಂದೆ. ನನಗೆ ಹೋದ ವರ್ಷವೇ ಸಾಕಾಗಿದೆ, ಅಪ್ಪನಿಗೆ ಹೇಗೆ ಹೇಳಲಿ ಅಂತ ಅತ್ತಳು. ಮಗಳು ಬೇಡ ಅಂದರೆ ತಂದೆಗೆ ನೋವಾಗುತ್ತದೆ. ನಿಯಮ ಬೇಡ ಅಂದರೆ ಯಾರಿಗೂ ನೋವಾಗುವುದಿಲ್ಲ. ಅದಕ್ಕೇ ಬರೆದು ಅಂಟಿಸಿದೆ."

ಬಸಲಿಂಗಯ್ಯನವರು ಮಗಳ ಕಡೆ ನೋಡಿದರು.

"ನೀ ಹ್ವಾದ ವರ್ಷ ಅಜ್ಜಿ ಮುಂದ ಫೋನಿನ್ಯಾಗ ಹೇಳಾಕತ್ತಿದ್ದಿ, ಪಪ್ಪಾ" ಎಂದಳು ಸಂಹಿತಾ. "ವರ್ಷಕ್ಕ ಅದೊಂದ ಸಂಜಿ ಆಕಿ ನನ್ನ ಕೈ ಹಿಡೀತಾಳ ಅಂತ. ನಾ ಕೇಳಿದ್ನಿ. ಮತ್ತ ನಾ ಒಲ್ಲೆ ಅಂತ ಹೆಂಗ ಹೇಳ್ಲಿ?"

"ಹಂಗಿದ್ರ ಇವತ್ತ ಯಾಕ ಬಂದಿ?"

"ನೀ ಆ ಬೆಡ್‌ಶೀಟ್ ಹೊತ್ಕೊಂಡ ನಿಂತಿದ್ದಿ! ನೋ ಅನ್ನಾಕ ಆಗಲಿಲ್ಲ."

ಬಸಲಿಂಗಯ್ಯನವರಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಎದೆಯಲ್ಲಿ ಸಣ್ಣಗೆ ನೋವಾಯಿತು. ಅದರ ಹಿಂದೆಯೇ, ನೋವಿಗಿಂತ ದೊಡ್ಡದಾಗಿ, ಒಂದು ಹೆಮ್ಮೆ ಬಂತು. ಅಪ್ಪನ ಮನಸ್ಸು ಮುರಿಯಬಾರದೆಂದು ಒಂದು ಇಡೀ ಕಟ್ಟಡಕ್ಕೇ ಕಾನೂನು ಮಾಡಿಸಿದ ಹುಡುಗಿ ಇವಳು. ದೂರವಾಗುತ್ತಿದ್ದಾಳೆ ಎಂದು ತಾವು ಕೊರಗುತ್ತಿದ್ದಾಗ ಅವಳು ಬೇಸಿಗೆಯಿಂದಲೂ ತಮ್ಮನ್ನೇ ಕುರಿತು ಯೋಚಿಸುತ್ತಿದ್ದಳು. ಇವಳಿಗೆ ಹನ್ನೆರಡು ತುಂಬಿದೆ ಎಂಬುದನ್ನು ಅವರು ಆಗ ಮನಸಾರೆ ಒಪ್ಪಿಕೊಂಡರು.

"ಅಲ್ಲಾ, ಎರಡ ಪ್ಯಾಕೆಟ್ ಗಮ್ಮಿ ಮಿಠಾಯಿ ತಂದ ಇಟ್ಟೀನಿ, ನನ್ನ ಕಪಾಟಿನ್ಯಾಗ" ಎಂದು ಸಂಹಿತಾ ಮೂಗು ಒರೆಸಿಕೊಂಡಳು. "ಈ ವರ್ಷ ನಾವಿಬ್ಬರೂ ಬಾಗಲಾಗ ಕುಂತು, ಬಂದ ಹುಡುಗರಿಗೆ ಕೊಡೋಣು ಅಂತ. ನಿನಗ ಸರ್‌ಪ್ರೈಸ್ ಮಾಡ್ಬೇಕಂತಿದ್ನಿ."

ಮನ್ಯಾಗ ಇರೋಣಂತ ಎಂದು ಬೆಳಿಗ್ಗೆ ಹುಡುಗಿ ನಕ್ಕದ್ದು ನಿಜವಾದ ನಗೆಯೇ ಆಗಿತ್ತು. ಬಸಲಿಂಗಯ್ಯನವರ ಕಣ್ಣು ಒದ್ದೆಯಾದವು. ಕನ್ನಡಕದ ಮಂಜಿನಿಂದಾಗಿ ಯಾರಿಗೂ ಕಾಣಲಿಲ್ಲ.

"ಹಂಗಾದ್ರ ತಡಾ ಯಾಕ? ಇನ್ನೂ ಆರು ಗಂಟಿ. ನಡಿಯವ್ವಾ, ಮನಿಗೆ ಹೋಗೋಣು. ನೀಡೂದು ನಮಗೇನ ಬರಂಗಿಲ್ಲಂತೀಯೇನು?" ಎಂದು ಅವರು ಬೆಡ್‌ಶೀಟು ತೆಗೆಯಲು ಹೊರಟರು.

"ಎಲ್ಲಿಗೆ?" ಎಂದರು ಫ್ರಾವ್ ಬ್ರಾಂಡ್ಟ್.

"ಮನೆಗೆ. ಮಗಳ ಜೊತೆ..."

"ನೀವು ಹೇಗೆ ಹೋಗುತ್ತೀರಿ? ಈ ಮಕ್ಕಳು ಒಂದು ಗಂಟೆಯಿಂದ ನಿಮಗಾಗಿಯೇ ಕಾಯುತ್ತಿವೆ. ನನ್ನ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ." ಆಕೆ ಪಟ್ಟಿಯನ್ನು ಮುಂದೆ ಹಿಡಿದರು. ವಿನ್ಸೆಂಟ್ ಎಂಬ ಹೆಸರಿಗೆ ಗೆರೆ ಎಳೆದು, ಪಕ್ಕದಲ್ಲಿ ಹಿರೇಮಠ್ ಎಂದು ಬರೆದಿತ್ತು. "ಹೆರ್ ವಿನ್ಸೆಂಟ್ ಮಧ್ಯಾಹ್ನವೇ ಬಂದು ತಿಳಿಸಿದರು. ತಮ್ಮ ಬದಲಿಗೆ ನೀವು ಸಂತೋಷದಿಂದ ಒಪ್ಪಿಕೊಂಡಿದ್ದೀರಿ, ವೇಷವೂ ಸಿದ್ಧವಾಗಿದೆ ಅಂತ. ಆದರೆ ಎಂಟು ವರ್ಷದವರಾಗಿ ಬರುತ್ತೀರಿ ಅಂತ ಅವರು ಹೇಳಿರಲಿಲ್ಲ."

ಆ ಐಡಿಯಾದ ಬೇರು ಎಲ್ಲಿತ್ತು ಎಂದು ಬಸಲಿಂಗಯ್ಯನವರಿಗೆ ಆಗ ಹೊಳೆಯಿತು. ಮೂರನೆಯ ಮಹಡಿಯಲ್ಲಿ ವಿನ್ಸೆಂಟ್ ಈ ಹೊತ್ತಿಗೆ ಕಾಲು ಚಾಚಿಕೊಂಡು ಮೀನು ಸಾರು ಉಣ್ಣುತ್ತಿರಬೇಕು. ತಪ್ಪಿಸಿಕೊಳ್ಳಲು ಒಂದು ನೆವ ಹುಡುಕುವಷ್ಟರಲ್ಲಿ ಬಾವಲಿ ಒಂದು ಕೈ ಹಿಡಿದಿತ್ತು, ಹರಿದ ಹುಲಿ ಇನ್ನೊಂದು ಕೈ ಹಿಡಿದಿತ್ತು, ಅಸ್ಥಿಪಂಜರ ಮತ್ತೊಮ್ಮೆ ಓಂ ನಮಃ ಶಿವಾಯ ಬೇಕೆಂದು ಹಟ ಹಿಡಿದಿತ್ತು. ಮಾಡಿದ್ದುಣ್ಣೋ ಮಹರಾಯ.

"ಮುಂದಿನ ವರ್ಷಕ್ಕೂ ನಿಮ್ಮ ಹೆಸರನ್ನೇ ಬರೆದುಕೊಳ್ಳುತ್ತೇನೆ" ಎಂದು ಫ್ರಾವ್ ಬ್ರಾಂಡ್ಟ್ ಪೆನ್ನು ತೆಗೆದರು. "ದೊಡ್ಡವರಿಗೆ ವಯಸ್ಸಿನ ಮಿತಿ ಇಲ್ಲ."

ಸಂಹಿತಾ ಆಗಲೇ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿಯಾಗಿತ್ತು.

ಬಸಲಿಂಗಯ್ಯನವರು ಆರು ಮಕ್ಕಳನ್ನು ಕಟ್ಟಿಕೊಂಡು ಮತ್ತೆ ನಾಲ್ಕನೆಯ ಮಹಡಿಯಿಂದ ಶುರುಮಾಡಿದರು. ಹೆರ್ ಕ್ಲಾವ್ಸನ್, "ಉಳವಪ್ಪಾ, ಆಸೆಬುರುಕ, ನಿನಗೆ ಆಗಲೇ ಕೊಟ್ಟಾಯಿತಲ್ಲ!" ಎಂದು ಗದರಿದರು. ನಾಯಿ ಮತ್ತೆ ಬೆಡ್‌ಶೀಟು ಎಳೆಯಿತು, ಈ ಸಲ ಒಂದು ಮೂಲೆ ಅದರ ಬಾಯಲ್ಲೇ ಉಳಿಯಿತು. ಪ್ರತಿ ಬಾಗಿಲಲ್ಲೂ ಒಂದು ಮಗುವಿಗೆ ಬಾಯಾರಿಕೆ, ಇನ್ನೊಂದಕ್ಕೆ ಸೂಸು.

ಮೂರನೆಯ ಮಹಡಿಯಲ್ಲಿ ಅವರದೇ ಮನೆಯ ಬಾಗಿಲಿಗೆ ಹೊಸ ಕುಂಬಳಕಾಯಿಯ ಚಿತ್ರ ಅಂಟಿತ್ತು. ಬಾವಲಿಯನ್ನು ಎತ್ತಿ ಹಿಡಿದು ಗಂಟೆ ಒತ್ತಿಸಿದರು. ಬಾಗಿಲು ತೆರೆಯಿತು. ಸಂಹಿತಾ ಒಳಗಿನ ಬೆಳಕಿನಲ್ಲಿ ನಿಂತಿದ್ದಳು, ಕೈಯಲ್ಲಿ ಮನೆಯ ದೊಡ್ಡ ಸ್ಟೀಲಿನ ಬೋಗುಣಿ, ತಲೆಗೂದಲು ಎತ್ತಿ ಕಟ್ಟಿ, ಥೇಟ್ ತಾಯಿ ಅನಸೂಯರ ಹಾಗೆಯೇ. ಮಕ್ಕಳು ಒಕ್ಕೊರಲಿನಿಂದ ಕಿರುಚಿದವು. ಅವಳು ಒಬ್ಬೊಬ್ಬರ ವೇಷವನ್ನೂ ಹೊಗಳಿ, ಹೆದರಿದಂತೆ ನಟಿಸಿ, ಎರಡೆರಡು ಕೊಟ್ಟಳು.

ಕೊನೆಗೆ ಭೂತ ಚೀಲ ಚಾಚಿತು. ಅದರಲ್ಲಿ ಒಂದು ಬಿತ್ತು.

"ಎಲ್ಲಾರಿಗೂ ಎರಡೆರಡ ಕೊಟ್ಟಿ. ನನಗ್ಯಾಕ ಒಂದ?"

"ದೊಡ್ಡವರಿಗೆ ಒಂದ, ಪಪ್ಪಾ" ಎಂದಳು ಸಂಹಿತಾ. ಬೆಡ್‌ಶೀಟಿನ ಮೇಲಿನಿಂದಲೇ ಅವರ ತಲೆ ನೇವರಿಸಿದಳು. "ಲಗೂನ ಮುಗಿಸ್ಕೊಂಡ ಬಾ. ಚಾ ಇಡ್ತೀನಿ, ಕುಂತು ಕುಡಿಯೋಣು."

ಬಸಲಿಂಗಯ್ಯನವರು ತಲೆಯಾಡಿಸಿ ಲಗುಬಗೆಯಿಂದ ಮೆಟ್ಟಿಲ ಕಡೆ ತಿರುಗಿದರು. ಅಷ್ಟರಲ್ಲಿ ಹುಲಿ ಅವರ ಬೆಡ್‌ಶೀಟು ಜಗ್ಗಿ, ಪಕ್ಕದ ಕಟ್ಟಡವೂ ಪಟ್ಟಿಯಲ್ಲಿದೆ ಎಂದು ತಿಳಿಸಿತು. ಅಲ್ಲಿ ಕುಂಬಳಕಾಯಿ ಅಂಟಿಸಿದ ಬಾಗಿಲುಗಳು ಹನ್ನೊಂದು ಇದ್ದವು.